ಹಾಲ್ ಒಂದೇ, ಚದರ ಅಡಿ ಮಾತ್ರ ಮೂರು ಬಗೆ: ಯಾರ ಲೆಕ್ಕ ಸರಿ?

ಪ್ರಶ್ನೆ: ಹಾಸನದಲ್ಲಿ ನಮ್ಮದು ನಲವತ್ತು ವರ್ಷದ ಹಳೆಯ ಮನೆ. ಹಾಲ್‌ನ ರೆಡ್ ಆಕ್ಸೈಡ್ ನೆಲ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಅಲ್ಲಿ ಎರಡಡಿ–ಎರಡಡಿಯ ಟೈಲ್ಸ್ ಹಾಕಿಸಬೇಕೆಂದಿದ್ದೇವೆ. ಹಾಲ್ ಎಲ್ ಆಕಾರದಲ್ಲಿದೆ. ಕೂರುವ ಜಾಗ 18 ಅಡಿ 3 ಇಂಚು ಉದ್ದ, 11 ಅಡಿ 10 ಇಂಚು ಅಗಲ. ಅದರ ಉದ್ದನೆಯ ಬದಿಗೆ ತೆರೆದುಕೊಂಡಿರುವ ಊಟದ ಜಾಗ 9 ಅಡಿ 6 ಇಂಚು ಅಗಲವಿದೆ. ನಿವೇಶನವೇ ಓರೆಯಾಗಿದ್ದುದರಿಂದ ಅದರ ಹಿಂದಿನ ಗೋಡೆಯೂ ಓರೆ: ಒಂದು ಬದಿಯಲ್ಲಿ ಆಳ 8 ಅಡಿ, ಇನ್ನೊಂದು ಬದಿಯಲ್ಲಿ 7 ಅಡಿ 2 ಇಂಚು. ನಾನು ಮೊಬೈಲಿನಲ್ಲಿ ಗುಣಿಸಿದಾಗ 272 ಚದರ ಅಡಿ ಬಂತು. ಮೇಸ್ತ್ರಿ ಒಮ್ಮೆ ಕಣ್ಣಾಡಿಸಿ ‘ಮೂರು ಚದರ ಆಗುತ್ತದೆ ಸಾರ್’ ಎಂದರು. ಅಂಗಡಿಯವರು 330 ಎಂದು ಬರೆದುಕೊಂಡು 21 ಬಾಕ್ಸ್ ಬೇಕು ಎನ್ನುತ್ತಾರೆ. ಯಾರನ್ನು ನಂಬಬೇಕು? ಜೊತೆಗೆ, ಮಗ ಬೆಂಗಳೂರಿನಲ್ಲಿ ನೋಡಿರುವ ಫ್ಲ್ಯಾಟ್‌ನ ಕಾಗದದಲ್ಲಿ 1,150 ಚದರ ಅಡಿ ಎಂದಿದೆ. ಕೋಣೆಗಳ ಅಳತೆ ಕೂಡಿಸಿದರೆ 740 ದಾಟುವುದಿಲ್ಲ. ಉಳಿದದ್ದು ಎಲ್ಲಿ ಹೋಯಿತು?

ಉತ್ತರ: ನಿಮ್ಮ ಹಾಲ್ 288 ಚದರ ಅಡಿ. ಮೂವರಲ್ಲಿ ಯಾರೂ ಅಷ್ಟು ಹೇಳಿಲ್ಲ. ಆದರೆ ಮೇಸ್ತ್ರಿ, ಅಂಗಡಿಯವರು ತಪ್ಪಿದ್ದಕ್ಕೆ ಅವರವರ ಕಾರಣಗಳಿವೆ. ನಿಮ್ಮದು ಶುದ್ಧ ಲೆಕ್ಕದ ತಪ್ಪು, ಮೂರರಲ್ಲಿ ಎಲ್ಲರಿಗಿಂತ ದುಬಾರಿಯಾಗುವುದೂ ಅದೇ. ಬೇಸರ ಮಾಡಿಕೊಳ್ಳಬೇಡಿ, ಸಂಬಳ ತೆಗೆದುಕೊಂಡು ಇದೇ ತಪ್ಪು ಮಾಡಿದವನು ನಾನು.

272 ಎಲ್ಲಿಂದ ಬಂದಿರಬಹುದು ಎಂದು ಹಿಂದಿನಿಂದ ಲೆಕ್ಕ ಹಾಕಿ ನೋಡಿದೆ. 18.3 ಅನ್ನು 11.10ರಿಂದ ಗುಣಿಸಿದರೆ 203.13. 9.6 ಅನ್ನು 7.2ರಿಂದ ಗುಣಿಸಿದರೆ 69.12. ಎರಡೂ ಸೇರಿ 272.25. ನೀವು ಮಾಡಿದ್ದು ಇದನ್ನೇ ಅಲ್ಲವೇ? ಅಡಿಗೂ ಇಂಚಿಗೂ ನಡುವೆ ಒಂದು ಚುಕ್ಕಿ ಇಟ್ಟು ಮೊಬೈಲಿಗೆ ಕೊಟ್ಟಿದ್ದೀರಿ. ಚುಕ್ಕಿಯ ಆಚೆ ಇರುವುದು ಹತ್ತನೆಯ ಭಾಗಗಳು ಎಂದಷ್ಟೇ ಮೊಬೈಲಿಗೆ ಗೊತ್ತು. ಅಡಿಯಲ್ಲಿ ಹನ್ನೆರಡು ಇಂಚು ಇರುವುದು ಅದಕ್ಕೆ ಗೊತ್ತಿಲ್ಲ. 11.10 ಎಂದು ಒತ್ತಿದಿರಿ, ಅದು ಕೊನೆಯ ಸೊನ್ನೆಯನ್ನು ಬಿಟ್ಟು 11.1 ಎಂದು ಓದಿಕೊಂಡಿತು. ಅಂದರೆ ಹನ್ನೊಂದು ಅಡಿ, ಒಂದೂಕಾಲು ಇಂಚಿಗೂ ಚೂರು ಕಡಿಮೆ. ನಿಮ್ಮ ಹತ್ತು ಇಂಚಿನಲ್ಲಿ ಸುಮಾರು ಒಂಬತ್ತು ಇಂಚು ಒಂದು ಚುಕ್ಕಿಯೊಳಗೆ ಕಳೆದುಹೋಯಿತು. ಹದಿನೆಂಟು ಅಡಿ ಉದ್ದಕ್ಕೆ ಒಂಬತ್ತು ಇಂಚಿನ ಪಟ್ಟಿ ಹೋದರೆ ಹದಿಮೂರು ಚದರ ಅಡಿ ಹೋದಂತೆ.

ಈ ಚುಕ್ಕಿಯ ತಪ್ಪು ಸುಲಭವಾಗಿ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಆರು ಇಂಚನ್ನು .6 ಎಂದು ಬರೆದರೆ ನಿಜವಾದ .5ಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ. ಒಂಬತ್ತನ್ನು .9 ಎಂದರೆ .75ಕ್ಕಿಂತ ಹೆಚ್ಚು. ಒಂಬತ್ತರವರೆಗೆ ಹೀಗೆ ತುಸು ಹೆಚ್ಚೇ ಬರುವುದರಿಂದ ಸಾಮಾನು ಉಳಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಹತ್ತು, ಹನ್ನೊಂದು ಇಂಚು ಬಂದಾಗ ಮಾತ್ರ ಲೆಕ್ಕ ದೊಪ್ಪನೆ ಕೆಳಗೆ ಬೀಳುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ಗೆ ಶಹಾಬಾದ್ ಕಲ್ಲು ತರಿಸುವ ಹೊಣೆ ನನ್ನ ಮೇಲಿತ್ತು. ಉದ್ದ ಸರಿಯಾಗಿ 80 ಅಡಿ, ಅಗಲ 39 ಅಡಿ 11 ಇಂಚು. ನಾನು ಬರೆದದ್ದು 39.11. ಲಾರಿ ಬಂತು, ಕಲ್ಲು ಇಳಿಯಿತು, ಹಾಸುವ ಕೆಲಸ ನಡೆಯಿತು. ಕೊನೆಯ ಸಾಲಿನಲ್ಲಿ ಹದಿನಾರು ಕಲ್ಲಿನಷ್ಟು ಜಾಗ ಬರಿಮಣ್ಣಾಗಿಯೇ ಉಳಿಯಿತು. ವಯಸ್ಸಾದ ಮೇಸ್ತ್ರಿಯೊಬ್ಬರು ನನ್ನ ಪುಸ್ತಕ ತಿರುವಿ, ‘ಅಡಿಗೆ ಹನ್ನೆರಡು ಇಂಚು ಸ್ವಾಮಿ, ಹತ್ತಲ್ಲ’ ಎಂದರು. ಅಷ್ಟೇ ಅಂದರು. ಇವತ್ತಿಗೂ ಇಂಚು ಬರೆಯುವಾಗ ಆ ಧ್ವನಿ ಕೇಳಿಸುತ್ತದೆ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಇಂಚನ್ನು ಹನ್ನೆರಡರಿಂದ ಭಾಗಿಸಿ, ಬಂದದ್ದನ್ನು ಅಡಿಗೆ ಸೇರಿಸಿ. ಮೂರು ಇಂಚು ಅಂದರೆ .25, ಹತ್ತು ಇಂಚು ಅಂದರೆ .8333. ನಿಮ್ಮ ಕೂರುವ ಜಾಗ ಆಗ 18.25 ಗುಣಿಸು 11.8333, ಅಂದರೆ 215.96 ಚದರ ಅಡಿ. ದಶಾಂಶದ ರಗಳೆಯೇ ಬೇಡ ಎನಿಸಿದರೆ ಎಲ್ಲವನ್ನೂ ಇಂಚಿಗೆ ಇಳಿಸಿಕೊಳ್ಳಿ. 219 ಇಂಚು ಗುಣಿಸು 142 ಇಂಚು, ಒಟ್ಟು 31,098 ಚದರ ಇಂಚು. ಒಂದು ಚದರ ಅಡಿಯಲ್ಲಿ 144 ಚದರ ಇಂಚು ಇರುವುದರಿಂದ 144ರಿಂದ ಭಾಗಿಸಿ. ಬರುವುದು ಅದೇ 215.96. ನನಗೆ ಇಂಚಿನ ದಾರಿಯೇ ಇಷ್ಟ, ಅಲ್ಲಿ ಚುಕ್ಕಿಗೆ ಜಾಗವೇ ಇಲ್ಲ.

ಊಟದ ಜಾಗದಲ್ಲಿ ನೀವು ಚಿಕ್ಕ ಆಳವನ್ನು ಮಾತ್ರ ಹಿಡಿದಿದ್ದೀರಿ, ಓರೆ ಗೋಡೆಯ ಮುಂದಿನ ತ್ರಿಕೋನ ಬಿಟ್ಟುಹೋಗಿದೆ. ಎದುರುಬದುರಿನ ಎರಡು ಆಳಗಳನ್ನು ಕೂಡಿಸಿ ಅರ್ಧ ಮಾಡಿ: 96 ಇಂಚು, 86 ಇಂಚು, ಸರಾಸರಿ 91. ಅಗಲ 114 ಇಂಚು. ಗುಣಿಸಿ 144ರಿಂದ ಭಾಗಿಸಿದರೆ 72.04 ಚದರ ಅಡಿ. ಶಾಲೆಯಲ್ಲಿ ತ್ರಾಪಿಜ್ಯ ಎಂದು ಕಲಿತು ಮರೆತ ಆಕಾರ ಇದೇ. 215.96ಕ್ಕೆ ಇದನ್ನು ಸೇರಿಸಿದರೆ ಸರಿಯಾಗಿ 288. ಮೀಟರಿನಲ್ಲಿ ಬೇಕೆಂದರೆ 10.764ರಿಂದ ಭಾಗಿಸಿ, 26.76 ಚದರ ಮೀಟರ್.

ಎಲ್ ಆಕಾರದಲ್ಲಿ ಇನ್ನೊಂದು ಗುಂಡಿ ಇದೆ, ನೀವು ಅದಕ್ಕೆ ಬೀಳಲಿಲ್ಲ. ಕೆಲವರು ಎಲ್‌ನ ಎರಡೂ ತೋಳುಗಳನ್ನು ಮೂಲೆಯಿಂದ ಮೂಲೆಗೆ ಪೂರ್ತಿ ಅಳೆದು ಕೂಡಿಸಿಬಿಡುತ್ತಾರೆ. ಆಗ ನಡುವೆ ಕೂಡುವ ಜಾಗ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಹಾಲ್‌ನಲ್ಲಿ ಅದು ನೂರು ಚದರ ಅಡಿ ಮೀರುತ್ತಿತ್ತು! ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಇಲ್ಲಿಗೆ ಇದು ಮುಗಿಯಿತು, ಇಲ್ಲಿಂದ ಅದು ಶುರು ಎಂದು ಗೊತ್ತುಮಾಡಿಕೊಂಡು ಅಳೆಯುವುದೇ ಇದಕ್ಕೆ ಮದ್ದು.

ಎದುರುಬದಿಗಳ ಸರಾಸರಿಯಿಂದ ನೆಲ ಅಳೆಯುವುದು ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರಗಳ ಲೆಕ್ಕವನ್ನು ಎರಡಾಗಿ ಹೇಳಿದ್ದಾನೆ: ಬಳಕೆಗೆ ಸಾಕಾಗುವ ವ್ಯಾವಹಾರಿಕ, ಕರಾರುವಾಕ್ಕಾದ ಸೂಕ್ಷ್ಮ. ನಾಲ್ಕು ಬದಿಯ ಹೊಲಕ್ಕೆ ಎದುರುಬದಿಗಳನ್ನು ಕೂಡಿಸಿ, ಅರ್ಧ ಮಾಡಿ, ಒಂದಕ್ಕೊಂದು ಗುಣಿಸುವುದು ವ್ಯಾವಹಾರಿಕ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೂ ನನಗೆ ಪಾಠ ಕಲಿಸಿದ ಕಲ್ಲಿನ ಊರು ಶಹಾಬಾದೂ ಇವತ್ತು ಒಂದೇ ಕಲಬುರಗಿ ಜಿಲ್ಲೆಯಲ್ಲಿವೆ ಎನ್ನುವುದು ನನಗೆ ಸಿಕ್ಕ ಸಣ್ಣ ಖುಷಿ.

ಆ ವ್ಯಾವಹಾರಿಕ ಲೆಕ್ಕವನ್ನು ನಿಮ್ಮ ಊಟದ ಜಾಗಕ್ಕೇ ಹಾಕಿ ನೋಡಿದೆ. ಓರೆ ಗೋಡೆ ಸುಮಾರು 9 ಅಡಿ ಆರೂವರೆ ಇಂಚು ಬರುತ್ತದೆ. ಅದನ್ನೂ ಎದುರಿನ 9 ಅಡಿ 6 ಇಂಚನ್ನೂ ಸೇರಿಸಿ ಸರಾಸರಿ ತೆಗೆದು ಗುಣಿಸಿದರೆ 72.18. ಸೂಕ್ಷ್ಮದ ಲೆಕ್ಕ 72.04. ವ್ಯತ್ಯಾಸ ಇಪ್ಪತ್ತು ಚದರ ಇಂಚು, ಹೆಚ್ಚುಕಡಿಮೆ ಒಂದು ಅಂಚೆ ಕಾರ್ಡಿನಷ್ಟು ನೆಲ. ಅಷ್ಟಕ್ಕಾಗಿ ನಿದ್ದೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಆದರೆ ಒಂದು ಎಚ್ಚರ. ಕೋಣೆ ಪೂರ್ತಿ ವಾಲಿದ್ದರೆ ಈ ಲೆಕ್ಕ ಕೈಕೊಡುತ್ತದೆ. ನಾಲ್ಕೂ ಗೋಡೆ ಹತ್ತತ್ತು ಅಡಿ ಇದ್ದ ಮಾತ್ರಕ್ಕೆ ಕೋಣೆ ನೂರು ಚದರ ಅಡಿ ಎನ್ನುವಂತಿಲ್ಲ. ಮೂಲೆಯಿಂದ ಮೂಲೆಗೆ ಒಂದು ಕಡೆ 12 ಅಡಿ, ಇನ್ನೊಂದು ಕಡೆ 16 ಅಡಿ ಬಂದರೆ ಆ ಕೋಣೆ 96 ಚದರ ಅಡಿ ಮಾತ್ರ. ಸರಾಸರಿಯ ಲೆಕ್ಕ ತಪ್ಪುವುದಿದ್ದರೆ ಯಾವಾಗಲೂ ಹೆಚ್ಚಿನ ಕಡೆಗೇ ತಪ್ಪುತ್ತದೆ, ಕಡಿಮೆಯ ಕಡೆಗೆ ಎಂದೂ ಅಲ್ಲ. ಜಾಗ ಮಾರುವವರಿಗೆ ಅದು ಪ್ರಿಯವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ಟೇಪು ಹಿಡಿದಾಗ ಗೋಡೆಗಳ ಜೊತೆಗೆ ಕರ್ಣಗಳನ್ನೂ ಅಳೆಯಿರಿ. ನಿಮ್ಮ ಕೂರುವ ಜಾಗದ ಮೂಲೆಗಳು ನೇರವಾಗಿದ್ದರೆ ಎರಡೂ ಕರ್ಣ 21 ಅಡಿ 9 ಇಂಚು ಬರಬೇಕು. ಅರ್ಧ ಇಂಚು ಆಚೀಚೆ ಆದರೆ ಪರವಾಗಿಲ್ಲ. ಒಂದು 21 ಅಡಿ 5, ಇನ್ನೊಂದು 22 ಅಡಿ 1 ಎಂದು ಬಂದರೆ ವಿಸ್ತೀರ್ಣಕ್ಕಿಂತ ಮೊದಲು ಟೈಲ್ಸ್ ಜೋಡಣೆಯ ಬಗ್ಗೆ ಯೋಚಿಸಬೇಕಾಗುತ್ತದೆ, ಏಕೆಂದರೆ ಗೋಡೆಯ ಉದ್ದಕ್ಕೂ ಬೆಣೆಯಂಥ ತುಂಡುಗಳು ಕಾಣಿಸುತ್ತವೆ. ಮೂಲೆಮಟ್ಟ ಕೈಯಲ್ಲಿ ಇಲ್ಲದಿದ್ದರೆ ಮೇಸ್ತ್ರಿಗಳು ಮಾಡುವುದನ್ನು ನೀವೂ ಮಾಡಬಹುದು: ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಹಾಕಿ. ಗುರುತಿನಿಂದ ಗುರುತಿಗೆ 5 ಅಡಿ ಬಂದರೆ ಮೂಲೆ ನೇರ. ಊಟದ ಜಾಗದ ಎರಡು ಬದಿಗೋಡೆಗಳಿಗೂ ಇದನ್ನು ಮಾಡಿ ನೋಡಿ. ಅವು ನೇರವಾಗಿವೆ ಎಂದು ನಂಬಿಯೇ ನಾನು ಮೇಲಿನ ಲೆಕ್ಕ ಕೊಟ್ಟಿದ್ದೇನೆ.

ಟೇಪಿನ ಬಗ್ಗೆಯೂ ಎರಡು ಮಾತು. ಉಕ್ಕಿನ ಟೇಪಿನ ತುದಿಯ ಕೊಂಡಿ ಸ್ವಲ್ಪ ಅಲ್ಲಾಡುತ್ತದೆ. ಕೆಟ್ಟಿದೆ ಎಂದು ಎಷ್ಟೋ ಜನ ಅದನ್ನು ಸುತ್ತಿಗೆಯಿಂದ ಬಡಿದು ಗಟ್ಟಿ ಮಾಡುತ್ತಾರೆ. ಅದು ಬೇಕೆಂದೇ ಹಾಗಿದೆ. ಹೊರಗೆ ಸಿಕ್ಕಿಸಿ ಎಳೆದಾಗ ಕೊಂಡಿ ತನ್ನ ದಪ್ಪದಷ್ಟು ಮುಂದೆ ಬರುತ್ತದೆ, ಗೋಡೆಗೆ ಒತ್ತಿದಾಗ ಅಷ್ಟೇ ಒಳಗೆ ಹೋಗುತ್ತದೆ, ಎರಡೂ ಸಲ ಅಳತೆ ಸರಿಯಾಗಿರುತ್ತದೆ. ಇನ್ನೊಂದು ತುದಿಯಲ್ಲಿ ಟೇಪನ್ನು ಮೂಲೆಗೆ ಬಗ್ಗಿಸಿ ಅಂದಾಜಿನಲ್ಲಿ ಓದಬೇಡಿ. ಒಂದು ಗೋಡೆಯಿಂದ 10 ಅಡಿಗೆ ನೆಲದ ಮೇಲೆ ಗುರುತು ಹಾಕಿ, ಎದುರು ಗೋಡೆಯಿಂದ ಆ ಗುರುತಿನವರೆಗೆ ಅಳೆದು ಕೂಡಿಸಿ. ಟೇಪು ನೆಲಕ್ಕೆ ಅಂಟಿಕೊಂಡಿರಲಿ. ಸೊಂಟದ ಎತ್ತರದಲ್ಲಿ ಹಿಡಿದರೆ ನಡುವೆ ಜೋತುಬಿದ್ದು ಹೆಚ್ಚು ತೋರಿಸುತ್ತದೆ. ಮನೆಯಲ್ಲಿರುವ ದರ್ಜಿಯ ಟೇಪು ಬೇಡವೇ ಬೇಡ, ಅದು ಎಳೆದಷ್ಟೂ ಹಿಗ್ಗುತ್ತದೆ. ಅಗಲವನ್ನು ಎರಡು ತುದಿ ಮತ್ತು ನಡು, ಮೂರು ಕಡೆ ಅಳೆಯಿರಿ. ನಲವತ್ತು ವರ್ಷದ ಗಾರೆ ಎಲ್ಲ ಕಡೆಯೂ ಒಂದೇ ದಪ್ಪ ಇರುವುದಿಲ್ಲ.

ಇನ್ನು ಮೇಸ್ತ್ರಿಯ ‘ಮೂರು ಚದರ’. ನಮ್ಮ ಕಡೆ ಕಟ್ಟಡದವರ ಬಾಯಲ್ಲಿ ಒಂದು ಚದರ ಅಂದರೆ ನೂರು ಚದರ ಅಡಿ. ಹನ್ನೆರಡು ಚದರದ ಮನೆ ಎಂದರೆ ಸಾವಿರದ ಇನ್ನೂರು ಚದರ ಅಡಿಯ ಮನೆ. ಅವರು 288ನ್ನು ಕಣ್ಣಳತೆಯಲ್ಲೇ 300 ಎಂದಿದ್ದಾರೆ. ಕಣ್ಣಿನ ಅನುಭವ ಮೆಚ್ಚಬೇಕಾದ್ದೇ. ಆದರೆ ಕೂಲಿ ಚದರ ಅಡಿಯ ಮೇಲೆ ಇರುವುದರಿಂದ ಹನ್ನೆರಡು ಅಡಿಯ ಮಾತನ್ನು ಮೊದಲೇ ಆಡಿಕೊಳ್ಳಿ. ‘ಸ್ಕರ್ಟಿಂಗ್ ಸೇರಿ ಮೂರು ಚದರವೋ, ಬಿಟ್ಟು ಮೂರು ಚದರವೋ?’ ಎಂದು ಕೇಳಿ. ಸ್ಕರ್ಟಿಂಗ್ ಅಂದರೆ ಗೋಡೆಯ ಬುಡಕ್ಕೆ ಸುತ್ತಲೂ ಹಚ್ಚುವ ಟೈಲ್ ಪಟ್ಟಿ. ನಿಮ್ಮ ಹಾಲ್‌ನ ಸುತ್ತಳತೆ 75 ಅಡಿ ಚಿಲ್ಲರೆ. ನಾಲ್ಕು ಬಾಗಿಲುಗಳಿಗೆ ಹನ್ನೆರಡೂವರೆ ಅಡಿ ಕಳೆದರೆ ಸುಮಾರು 63 ಅಡಿ ಉದ್ದಕ್ಕೆ ನಾಲ್ಕು ಇಂಚಿನ ಪಟ್ಟಿ ಬರುತ್ತದೆ, ಅಂದರೆ 21 ಚದರ ಅಡಿ. ಅದೂ ಸೇರಿ 300 ಎಂದರೆ ಮೇಸ್ತ್ರಿ ನಿಮಗೇ ಬಿಟ್ಟುಕೊಟ್ಟಂತೆ, ತಕ್ಷಣ ಒಪ್ಪಿಕೊಳ್ಳಿ. ಸ್ಕರ್ಟಿಂಗ್‌ಗೆ ಅಡಿ ಉದ್ದಕ್ಕೆ ಇಷ್ಟು ಎಂದು ಬೇರೆ ಕೂಲಿ ಕೇಳಿದರೆ ನೆಲದ ಲೆಕ್ಕ 288ಕ್ಕೇ ನಿಲ್ಲಬೇಕು.

ಅಂಗಡಿಯವರು ಮೇಸ್ತ್ರಿಯ 300ಕ್ಕೆ ನೂರಕ್ಕೆ ಹತ್ತರಂತೆ ವೇಸ್ಟೇಜ್ (ಕತ್ತರಿಸುವಾಗ, ಒಡೆದಾಗ ಹಾಳಾಗುವ ಪಾಲು) ಸೇರಿಸಿ 330 ಮಾಡಿದ್ದಾರೆ. ಒಂದು ಬಾಕ್ಸಿಗೆ 16 ಚದರ ಅಡಿ ಎಂದು ಹಿಡಿದು, ಅದನ್ನು 16ರಿಂದ ಭಾಗಿಸಿ 21 ಬಾಕ್ಸ್ ಎಂದಿದ್ದಾರೆ. ಎಡವಟ್ಟು ಇರುವುದು ಆ ಹದಿನಾರರಲ್ಲಿ. ಎರಡಡಿ–ಎರಡಡಿ ಎಂದು ನಾವು ಕರೆಯುವ ಟೈಲ್ ನಿಜವಾಗಿ 600 ಮಿಲಿಮೀಟರ್. ಎರಡು ಅಡಿ ಅಂದರೆ 609.6 ಮಿಲಿಮೀಟರ್. ಬಾಕ್ಸಿನಲ್ಲಿ ನಾಲ್ಕು ಟೈಲ್ಸ್ ಇದ್ದರೆ ಅದು 1.44 ಚದರ ಮೀಟರ್, ಅಂದರೆ 15.5 ಚದರ ಅಡಿ. ಬಾಕ್ಸಿನ ಮೇಲೆ ಚದರ ಮೀಟರಿನಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ನೋಡಿ, ಅಂಗಡಿಯ ಬಾಯಿಲೆಕ್ಕವನ್ನಲ್ಲ. ಪ್ರತಿ ಬಾಕ್ಸಿಗೆ ಅರ್ಧ ಅಡಿಯಂತೆ 21 ಬಾಕ್ಸಿಗೆ ಹತ್ತೂವರೆ ಚದರ ಅಡಿ ಕಡಿಮೆಯಾಗುತ್ತದೆ. ಬೆಲೆಯನ್ನು ಚದರ ಅಡಿಗೆ ಹೇಳಿ 16ರಿಂದ ಗುಣಿಸುತ್ತಿದ್ದರೆ ಆ ಹತ್ತೂವರೆ ಅಡಿಗೆ ದುಡ್ಡೂ ಕೊಡುತ್ತೀರಿ.

ಹಾಗಾದರೆ ಎಷ್ಟು ಬಾಕ್ಸ್? ನೇರವಾಗಿ ಹಾಸುವಾಗ ನಾನು ನೂರಕ್ಕೆ ಏಳರಷ್ಟು ವೇಸ್ಟೇಜ್ ಹಿಡಿಯುತ್ತೇನೆ. 288ಕ್ಕೆ ಅದು ಸೇರಿ 308. ಸ್ಕರ್ಟಿಂಗ್‌ಗೆ ಒಂದು ಟೈಲ್‌ನಿಂದ ನಾಲ್ಕಿಂಚಿನ ಐದು ಪಟ್ಟಿ ಸಿಗುತ್ತದೆ, 63 ಅಡಿಗೆ ಏಳು ಟೈಲ್ ಬೇಕು, ಅದು 27 ಚದರ ಅಡಿ. ಒಟ್ಟು 335. 15.5ರಿಂದ ಭಾಗಿಸಿದರೆ ಇಪ್ಪತ್ತೊಂದೂವರೆ ದಾಟುತ್ತದೆ. 22 ಬಾಕ್ಸ್.

ಆದರೆ ಟೈಲ್ಸ್ ವಿಷಯದಲ್ಲಿ ನನಗೆ ಶೇಕಡಾ ಲೆಕ್ಕದ ಮೇಲೆ ಪೂರ್ತಿ ನಂಬಿಕೆ ಇಲ್ಲ. ಒಂದು ಚೌಕುಳಿ ಹಾಳೆಯ ಮೇಲೆ ಹಾಲ್ ಬರೆದು ಟೈಲ್ಸ್ ಎಣಿಸಿಯೇ ನೋಡಬೇಕು. ನಿಮ್ಮ ಹಾಲ್ ಹಾಗೆ ಎಣಿಸಿದೆ, ಒಂದು ಸ್ವಾರಸ್ಯ ಸಿಕ್ಕಿತು. 11 ಅಡಿ 10 ಇಂಚು ಅಂದರೆ 3,607 ಮಿಲಿಮೀಟರ್. ಆರು ಟೈಲ್ಸ್ 3,600. ನಡುವಿನ ಐದು ಸಂದುಗಳಿಗೆ ಒಂದೊಂದು ಮಿಲಿಮೀಟರ್ ಬಿಟ್ಟರೆ 3,605. ಒಂದು ಟೈಲ್ ಕೂಡ ಕತ್ತರಿಸದೆ ಅಗಲ ಮುಗಿಯುತ್ತದೆ! ಸಂದು ಎರಡು ಮಿಲಿಮೀಟರ್ ಮಾಡಿದರೆ 3,610 ಆಗಿ, ಮೂರು ಮಿಲಿಮೀಟರಿಗಾಗಿ ಒಂದು ಸಾಲನ್ನೇ ಕತ್ತರಿಸಬೇಕು. ಅಷ್ಟು ಸಣ್ಣ ಎಳೆ ತೆಗೆಯುವಾಗ ಅಂಚು ಚಕ್ಕೆ ಏಳುತ್ತದೆ. ಗೋಡೆ ಎಲ್ಲಾದರೂ ಉಬ್ಬಿದ್ದರೆ ಟೈಲ್ ಮುಟ್ಟಬೇಡಿ, ಬುಡದ ಗಾರೆಯನ್ನು ಚಾಣದಿಂದ ಸ್ವಲ್ಪ ಕೆತ್ತಲು ಮೇಸ್ತ್ರಿಗೆ ಹೇಳಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಉದ್ದದಲ್ಲಿ ಒಂಬತ್ತು ಪೂರ್ತಿ ಟೈಲ್ಸ್ ಆದ ಮೇಲೆ ಸುಮಾರು ಆರು ಇಂಚಿನ ಪಟ್ಟಿ ಉಳಿಯುತ್ತದೆ. ಒಂದು ಟೈಲ್‌ನಲ್ಲಿ ಅಂಥ ಮೂರು ಪಟ್ಟಿ, ಆರು ಸಾಲಿಗೆ ಎರಡು ಟೈಲ್. ಅಲ್ಲಿಗೆ 56. ಊಟದ ಜಾಗಕ್ಕೆ ಐದು ನಾಲ್ಕಲಿ ಇಪ್ಪತ್ತು; ಎಂಟು ಅಡಿ ಆಳದ ಮೂಲೆಯಲ್ಲಿ ಉಳಿಯುವ ಎರಡು ಬೆರಳಗಲದ ಚೂರಿಗೆ ಕತ್ತರಿಸಿದ ತುಂಡೇ ಸಾಕು. 76. ಸ್ಕರ್ಟಿಂಗ್‌ನ ಏಳು ಸೇರಿ 83.

21 ಬಾಕ್ಸಿನಲ್ಲಿ 84 ಟೈಲ್ಸ್ ಇರುತ್ತವೆ. ಅಂದರೆ ಅಂಗಡಿಯವರ ತಪ್ಪುಗಳು ಒಂದನ್ನೊಂದು ತಿಂದುಕೊಂಡು ಉತ್ತರ ಹತ್ತಿರಕ್ಕೇ ಬಂದಿದೆ. ಆದರೆ ಕೈಯಲ್ಲಿ ಉಳಿಯುವುದು ಒಂದೇ ಟೈಲ್. ಆಟೋದಿಂದ ಇಳಿಸುವಾಗಲೇ ಒಂದು ಒಡೆಯುವುದುಂಟು. 22 ತೆಗೆದುಕೊಳ್ಳಿ. ಉಳಿದ ನಾಲ್ಕೈದನ್ನು ಅಟ್ಟದ ಮೇಲಿಡಿ, ನಾಳೆ ರುಬ್ಬುಗುಂಡು ಬಿದ್ದು ಒಂದು ಸೀಳಿದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ. ಎಲ್ಲ ಬಾಕ್ಸಿನ ಮೇಲೂ ಒಂದೇ ಬ್ಯಾಚ್ ಸಂಖ್ಯೆ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ನಿಮ್ಮ 272ನ್ನು ನಂಬಿ 17 ಬಾಕ್ಸ್ ತಂದಿದ್ದರೆ 15 ಟೈಲ್ಸ್ ಕಡಿಮೆ ಬಿದ್ದು, ಎರಡನೆಯ ಸಲ ಹೋದಾಗ ಬೇರೆ ಬ್ಯಾಚ್ ಸಿಕ್ಕಿ, ಊಟದ ಜಾಗ ಒಂದು ಬಣ್ಣ, ಕೂರುವ ಜಾಗ ಇನ್ನೊಂದು ಬಣ್ಣ ಆಗುತ್ತಿತ್ತು. ಬಾಗಿಲುಗಳ ಕೆಳಗಿನ ಜಾಗವನ್ನು ನಾನು ಸೇರಿಸಿಲ್ಲ, ಅಲ್ಲಿ ಸಾಮಾನ್ಯವಾಗಿ ಗ್ರಾನೈಟ್ ಪಟ್ಟಿ ಹಾಕುತ್ತಾರೆ. ಹಳೆಯ ನೆಲದ ಮೇಲೆಯೇ ಹಾಸುವುದಾದರೆ ನೆಲ ಏರುತ್ತದೆ, ಬಾಗಿಲುಗಳ ಬುಡವನ್ನು ಬಡಗಿಯಿಂದ ಕತ್ತರಿಸಬೇಕಾಗುತ್ತದೆ. ಅದನ್ನೂ ಖರ್ಚಿನಲ್ಲಿ ಬರೆದುಕೊಳ್ಳಿ.

ಮಗನ ಫ್ಲ್ಯಾಟ್ ವಿಷಯ ಬೇರೆ. ಅಲ್ಲಿ ಟೇಪು ತಪ್ಪಿಲ್ಲ, ಪದ ಬದಲಾಗಿದೆ. 1,150 ಎನ್ನುವುದು ಸೂಪರ್ ಬಿಲ್ಟ್ ಅಪ್ ಏರಿಯಾ ಆಗಿರಬೇಕು. ಹೊರಗೋಡೆ, ಬಾಲ್ಕನಿ, ಮೆಟ್ಟಿಲು, ಲಿಫ್ಟ್, ಎಲ್ಲರೂ ಓಡಾಡುವ ಮೊಗಸಾಲೆ ಇವುಗಳ ಪಾಲೆಲ್ಲ ಅದರಲ್ಲಿ ಸೇರಿರುತ್ತದೆ. 2016ರ ರೇರಾ ಕಾಯ್ದೆ (ರಿಯಲ್ ಎಸ್ಟೇಟ್ ನಿಯಂತ್ರಣದ ಕಾಯ್ದೆ) ಕಾರ್ಪೆಟ್ ಏರಿಯಾ ಎಂದರೇನು ಎಂದು ಸ್ಪಷ್ಟವಾಗಿ ಹೇಳಿದೆ. ಫ್ಲ್ಯಾಟ್‌ನ ಒಳಗೆ ಬಳಸಲು ಸಿಗುವ ನೆಲ ಅದು. ಹೊರಗೋಡೆ, ಕೊಳವೆಗಳು ಹೋಗುವ ಶಾಫ್ಟ್, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ಆದರೆ ಕೋಣೆ–ಕೋಣೆಯ ನಡುವಿನ ಒಳಗೋಡೆ ನಿಂತ ಜಾಗ ಸೇರುತ್ತದೆ. ಹಾಗಾಗಿ ಕೋಣೆಗಳನ್ನು ಒಂದೊಂದಾಗಿ ಅಳೆದು ಕೂಡಿಸಿದರೆ ಕಾರ್ಪೆಟ್ ಏರಿಯಾಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಒಳಗೋಡೆಗಳ ಉದ್ದವನ್ನು ದಪ್ಪದಿಂದ ಗುಣಿಸಿ ನಿಮ್ಮ 740ಕ್ಕೆ ಸೇರಿಸಿ. ಐದಿಂಚು ದಪ್ಪದ ಗೋಡೆ ಎಪ್ಪತ್ತು ಅಡಿ ಇದ್ದರೆ ಸುಮಾರು 29 ಚದರ ಅಡಿ. 740ರಲ್ಲಿ ಬಾಲ್ಕನಿಯನ್ನು ಸೇರಿಸಿದ್ದರೆ ಅದನ್ನು ಕಳೆಯಿರಿ. ಬರುವ ಸಂಖ್ಯೆ ಮಾರಾಟದ ಒಪ್ಪಂದದಲ್ಲಿ ಬರೆದ ಕಾರ್ಪೆಟ್ ಏರಿಯಾದ ಹತ್ತಿರ ಇರಬೇಕು. ಒಪ್ಪಂದದ ಕರಡಿನಲ್ಲಿ ಆ ಸಾಲು ಎಲ್ಲಿದೆ ಎಂದು ಮುಂಗಡ ಕೊಡುವ ಮೊದಲೇ ಮಗ ಕೇಳಲಿ.